ಚೂರು ಬಟ್ಟೆಯ ಅಂದಾಜು ಕೌದಿ: ಮೊದಲ ತುಂಡಿನಿಂದ ಗೋಟಿನವರೆಗೆ

ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ಮೆಷಿನ್ ಪಕ್ಕ ಒಂದು ಅಕ್ಕಿ ಚೀಲ ಯಾವಾಗಲೂ ಇರುತ್ತದೆ, ಚೂರು ಬಟ್ಟೆ ಹಾಕಲಿಕ್ಕೆ. ಶ್ರಾವಣ ಶುರುವಾಯಿತೆಂದರೆ ಆ ಚೀಲ ಬೇಗ ತುಂಬುತ್ತದೆ. ಬ್ಲೌಸ್ ಪೀಸಿನಲ್ಲಿ ಮುಂಭಾಗ, ಬೆನ್ನು, ತೋಳು, ಪಟ್ಟಿ ಎಲ್ಲ ತೆಗೆದ ಮೇಲೂ ಏನೋ ಒಂದು ಉಳಿಯುತ್ತದೆ. ಕಂಕುಳ ಹತ್ತಿರ ಬಿದ್ದ ಅರ್ಧಚಂದ್ರ, ಪಾಟ್ ನೆಕ್ಕಿನಿಂದ ಬಂದ ಮಡಕೆ ಆಕಾರದ ತುಂಡು, ಅಂಚಿನ ಉದ್ದ ಪಟ್ಟಿ. ಇವನ್ನು ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಜಾಗ ಸಾಲುವುದಿಲ್ಲ.

ಚೂರು ಬಟ್ಟೆ, ಹಳೆ ಸೀರೆ ಪದರ ಪದರವಾಗಿ ಹೊಲಿದ ಹೊದಿಕೆಗೆ ಉತ್ತರ ಕರ್ನಾಟಕದವರು ಕೌದಿ ಅನ್ನುತ್ತಾರೆ, ಪಾವಗಡ ಕಡೆಯ ನಮ್ಮ ಅಜ್ಜಿ ಬೊಂತೆ ಅನ್ನುತ್ತಿದ್ದರು. ಅವರ ಬೊಂತೆಗೆ ಡಿಸೈನ್ ಅಂತ ಏನೂ ಇರಲಿಲ್ಲ. ಕೈಗೆ ಸಿಕ್ಕ ತುಂಡಿನ ಪಕ್ಕ ಇನ್ನೊಂದು ತುಂಡು, ಅಷ್ಟೇ. ನಾನು ಹೇಳಲು ಹೊರಟಿರುವುದೂ ಅದನ್ನೇ, ಆದರೆ ಮೆಷಿನ್ ಹೊಲಿಗೆಯಲ್ಲಿ. ಚಿತ್ರ ಬರೆದುಕೊಳ್ಳುವುದು ಬೇಡ, ತ್ರಿಕೋನ ಲೆಕ್ಕ ಹಾಕುವುದು ಬೇಡ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಚಿತ್ರ ಅಂದಾಜಿಗೆ ಬಿಡಬಹುದು, ಹೊಲಿಗೆಯನ್ನು ಅಂದಾಜಿಗೆ ಬಿಡಬಾರದು. ಬಟ್ಟೆಯ ತೂಕ, ಹೊಲಿಗೆಯ ಆಚೆ ಅಂಚಿಗೆ ಬಿಡುವ ಕಾಲು ಇಂಚಿನ ಮಾರ್ಜಿನ್, ಇಸ್ತ್ರಿ, ಈ ಮೂರು ಸರಿ ಇದ್ದರೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂತರೂ ಕೌದಿ ಚೆನ್ನಾಗಿ ಬರುತ್ತದೆ.

ಯಾವ ಅಳತೆ, ಎಷ್ಟು ಬಟ್ಟೆ

ಮೊದಲ ಸಲ ಮಂಚದ ಅಳತೆಗೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತ ದೊಡ್ಡ ಕೌದಿಗಳು ಎಷ್ಟೋ ಮನೆಯ ಅಟ್ಟದಲ್ಲಿವೆ. ಮಗುವನ್ನು ಮಲಗಿಸಲು ಕೆಳಗೆ ಹಾಸುವ ಕೌದಿಯಿಂದ ಶುರು ಮಾಡಿ. ಅಳತೆ 36 ಇಂಚು ಅಗಲ, 48 ಇಂಚು ಉದ್ದ. ಇದಕ್ಕೆ 12 ಇಂಚಿನ ಚೌಕ 12 ಬೇಕು, ಅಡ್ಡಕ್ಕೆ 3, ಉದ್ದಕ್ಕೆ 4. ಕೈ ಕೂತ ಮೇಲೆ ಒಬ್ಬರು ಹೊದೆಯುವ ಕೌದಿಗೆ ಹೋಗಬಹುದು. ಅದು 60 ಇಂಚಿಗೆ 84 ಇಂಚು, ಅಂದರೆ 35 ಚೌಕ.

ಚಿಕ್ಕದಕ್ಕೆ ಮೇಲಿನ ಪದರಕ್ಕೆ ಕಾಲು ಕೆಜಿ ಚೂರು ಸಾಕು. ಆರಿಸಿಕೊಳ್ಳಲು ಅನುಕೂಲವಾಗಲಿ ಅಂತ ಅರ್ಧ ಕೆಜಿ ಇಟ್ಟುಕೊಳ್ಳಿ. ಒಳಗಿನ ಪದರಕ್ಕೂ ಅಡಿ ಬಟ್ಟೆಗೂ ಒಂದೇ ಒಂದು ಹಳೆ ಕಾಟನ್ ಸೀರೆ ಸಾಕು. ಲೆಕ್ಕ ನೋಡಿ. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 216 ಇಂಚು. ನಮಗೆ ಬೇಕಾಗಿರುವುದು 52 ಇಂಚಿನ ಮೂರು ತುಂಡು, ಒಳಗೆ ಎರಡು, ಅಡಿಗೆ ಒಂದು, ಒಟ್ಟು 156 ಇಂಚು. ಅಗಲ 40 ಇಂಚು ಸಾಕು, ಸೀರೆಯ ಅಗಲ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಉಳಿದದ್ದರಲ್ಲಿ ಸುತ್ತ ಅಂಚಿಗೆ ಹಚ್ಚುವ ಪಟ್ಟಿ, ಅಂದರೆ ಗೋಟೂ ಬರುತ್ತದೆ. ದೊಡ್ಡ ಕೌದಿಗೆ ಮಾತ್ರ ಒಂದು ಪದರಕ್ಕೆ ಒಂದು ಸೀರೆಯೇ ಬೇಕು. 88 ಇಂಚಿನ ಎರಡು ತುಂಡು ಮಾಡಿ ಅಗಲಕ್ಕೆ ಜೋಡಿಸಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ಚೂರು ಇಲ್ಲದಿದ್ದರೆ ಹತ್ತಿರದ ಟೈಲರ್ ಅಂಗಡಿಯಲ್ಲಿ ಕೇಳಿ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಒಂದು ಖಾಲಿ ಚೀಲ ಕೊಟ್ಟು ಬನ್ನಿ. ಚೀಲ ಕೊಡದೆ ಸುಮ್ನೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಮೊದಲು ತೂಕ ನೋಡಿ, ಬಣ್ಣ ಆಮೇಲೆ

ಚೀಲ ಸುರಿದ ತಕ್ಷಣ ಎಲ್ಲರೂ ಮಾಡುವ ಕೆಲಸ ಬಣ್ಣ ವಿಂಗಡಿಸುವುದು. ನಾನೂ ಹಾಗೇ ಮಾಡಿದ್ದೆ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ, ನೋಡಲು ಚಂದ. ಆದರೆ ಕೌದಿ ಹಾಳಾಗುವುದು ಬಣ್ಣದಿಂದಲ್ಲ. ತೆಳು ಬಟ್ಟೆ ದಪ್ಪ ಬಟ್ಟೆಯ ಪಕ್ಕ ಕೂತಾಗ ಅದು ಹಾಳಾಗುತ್ತದೆ. ಒಗೆದಾಗ ದಪ್ಪ ಎಳೆಯುತ್ತದೆ, ತೆಳು ಹೊಲಿಗೆಯ ಬುಡದಲ್ಲೇ ಹರಿಯುತ್ತದೆ.

ಆದ್ದರಿಂದ ಕೈಯಲ್ಲಿ ಮುಟ್ಟಿ ಮೂರು ಗುಡ್ಡೆ ಮಾಡಿ. ಮೊದಲನೆಯದು ಟು ಬೈ ಟು ರೂಬಿಯಾ ಅನ್ನುವ ಬ್ಲೌಸ್ ಬಟ್ಟೆ, ಪಾಪ್ಲಿನ್, ಕಾಟನ್ ಲೈನಿಂಗ್, ಸಾದಾ ಕಾಟನ್ ಪ್ರಿಂಟು. ಇದೇ ನಿಮ್ಮ ಕೌದಿಯ ಬಂಡವಾಳ. ಎರಡನೆಯದು ರೇಷ್ಮೆ, ಬ್ರೊಕೇಡ್, ಕ್ರೇಪ್, ಜಾರ್ಜೆಟ್. ಇವು ಜಾರುತ್ತವೆ, ಅಂಚಿನಲ್ಲಿ ನೂಲು ಬಿಚ್ಚುತ್ತವೆ. ಮೂರನೆಯದು ವೆಲ್ವೆಟ್, ನೆಟ್, ಜೀನ್ಸ್, ಹಿಗ್ಗುವ ಬನಿಯನ್ ಬಟ್ಟೆ. ಮೂರನೆಯ ಗುಡ್ಡೆ ಈ ಕೌದಿಗೆ ಬೇಡವೇ ಬೇಡ. ಬನಿಯನ್ ಬಟ್ಟೆಯನ್ನು ಗ್ಯಾರೇಜಿನವರು ಕೈ ಒರೆಸಲು ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಕಾಟನ್ನೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಒಂದೆರಡು ನೂಲು ಎಳೆದು ಸಿಂಕಿನ ಮೇಲೆ ಹಿಡಿದು ಸುಡಿ. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಸೇರಿದ ರೂಬಿಯಾ ತುಂಬ ಬರುತ್ತದೆ. ಅದನ್ನು ಬಿಡಬೇಕಿಲ್ಲ, ಆದರೆ ಇಸ್ತ್ರಿ ಕಾವು ಕಡಿಮೆ ಇಡಿ.

ಎರಡನೆಯ ಗುಡ್ಡೆಯ ರೇಷ್ಮೆ ಚೂರು ಹಾಕಲೇಬೇಕು ಅನ್ನಿಸುತ್ತದೆ, ಗೊತ್ತು. ಮಗುವಿನ ಕೌದಿಗೆ ಬೇಡ, ಜರಿ ಚುಚ್ಚುತ್ತದೆ. ಬೇರೆ ಕೌದಿಗಾದರೆ ಆ ಚೂರಿನ ಕೆಳಗೆ ಅದೇ ಅಳತೆಯ ಲೈನಿಂಗ್ ತುಂಡು ಇಟ್ಟು, ಸುತ್ತ ಅಂಚಿಗೆ ಹತ್ತಿರ ಒಂದು ಹೊಲಿಗೆ ಹಾಕಿ. ಆಮೇಲೆ ಎರಡನ್ನೂ ಒಂದೇ ಬಟ್ಟೆ ಅಂತ ಭಾವಿಸಿ ಬಳಸಿ. ಮಾರ್ಜಿನ್ ಕಾಲು ಇಂಚಲ್ಲ, ಅರ್ಧ ಇಂಚು ಬಿಡಿ.

ಬಣ್ಣ ಬಿಡುತ್ತದಾ?

ಇದರಲ್ಲಿ ನಾನು ಒಂದು ಕೌದಿಯನ್ನೇ ಕಳೆದುಕೊಂಡೆ. ನಾದಿನಿಯ ಮಗುವಿಗೆ ಅಂತ ಬಿಳಿ ಲೈನಿಂಗಿನ ಮಧ್ಯೆ ಮರೂನ್ ಪಟ್ಟಿ ಕೊಟ್ಟು ಹೊಲಿದಿದ್ದೆ. ಮೊದಲ ಒಗೆತದಲ್ಲೇ ಬಿಳಿ ಎಲ್ಲ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತು. ಉಪ್ಪು ನೀರಲ್ಲಿ ನೆನೆಸಿಟ್ಟರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರಲ್ಲ, ಅದನ್ನು ಮಾಡಿಯೇ ಹೊಲಿದದ್ದು. ಅಂದಿನಿಂದ ಉಪ್ಪಿನ ಮೇಲೆ ನನಗೆ ನಂಬಿಕೆ ಇಲ್ಲ. ಉಪ್ಪು ಬಣ್ಣ ಹಾಕುವಾಗ ಕೆಲಸಕ್ಕೆ ಬರುತ್ತದೆಯೇ ಹೊರತು ಸರಿಯಾಗಿ ಹಿಡಿಯದ ಬಣ್ಣವನ್ನು ಆಮೇಲೆ ನಿಲ್ಲಿಸುವುದಿಲ್ಲ.

ಈಗ ಹೀಗೆ ಮಾಡುತ್ತೇನೆ. ಮರೂನ್, ಕಡು ನೀಲಿ, ಕಪ್ಪು, ಗಾಢ ಹಸಿರು, ಇವನ್ನು ಒಂದೊಂದಾಗಿ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಕೈಯಲ್ಲಿ ಒತ್ತುತ್ತೇನೆ. ಕಲೆ ಬಿದ್ದರೆ ಎರಡು ಮೂರು ಸಲ ಬೇರೆ ಬೇರೆ ನೀರಲ್ಲಿ ತೊಳೆಯುತ್ತೇನೆ. ಮತ್ತೂ ಬಿಟ್ಟರೆ ಆ ಬಟ್ಟೆ ಆಚೆಗೆ. ಎಷ್ಟು ಚಂದ ಇದ್ದರೂ ಆಚೆಗೆ.

ಉಳಿದ ಚೂರುಗಳನ್ನೆಲ್ಲ ಒಂದು ಹಳೆ ದಿಂಬಿನ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ತೊಳೆಯಿರಿ. ಹಾಗೇ ಬಕೆಟ್ಟಿಗೆ ಹಾಕಿದರೆ ನೂಲೆಲ್ಲ ಹೆಣೆದುಕೊಂಡು ಹಕ್ಕಿ ಗೂಡಾಗುತ್ತದೆ. ತೊಳೆಯುವುದನ್ನು ತಪ್ಪಿಸಬೇಡಿ, ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕೊನೆಯಲ್ಲಿ ತೆಳ್ಳಗಿನ ಅನ್ನದ ಗಂಜಿಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಗಂಜಿ ಹಾಕಿದ ಚೂರು ಕಾಗದದ ಹಾಗೆ ಮಾತು ಕೇಳುತ್ತದೆ.

ನೂಲಿನ ದಾರಿ

ಟೈಲರ್‌ಗಳಿಗೆ ಇದು ಗೊತ್ತು, ಹೊಸಬರಿಗೆ ಹೇಳುತ್ತೇನೆ. ಬಟ್ಟೆಯನ್ನು ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಆ ಓರೆಗೆ ನಾವು ಕ್ರಾಸ್ ಅನ್ನುತ್ತೇವೆ. ಕಂಕುಳ ಹತ್ತಿರದ ಚೂರು, ಕತ್ತಿನ ಚೂರು ಎರಡರಲ್ಲೂ ಕ್ರಾಸ್ ಅಂಚು ಇದ್ದೇ ಇರುತ್ತದೆ. ಅದನ್ನು ಚೌಕದ ಹೊರ ಅಂಚಿಗೆ ತರಬಾರದು, ಕೌದಿ ಅಲೆ ಅಲೆಯಾಗಿ ಏಳುತ್ತದೆ. ಅಂಥ ಚೂರನ್ನು ಚೌಕದ ಮಧ್ಯೆ ಇಟ್ಟು, ಸುತ್ತ ನೇರ ನೂಲಿನ ಪಟ್ಟಿ ಕೊಡಿ. ತುಂಟ ಹುಡುಗನನ್ನು ಇಬ್ಬರು ಸಂಭಾವಿತರ ನಡುವೆ ಕೂರಿಸಿದ ಹಾಗೆ.

ಚೌಕ ಬೆಳೆಸುವುದು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಹರಿತವಾದ ಕತ್ತರಿ, ಉದ್ದನೆಯ ಸ್ಟೀಲ್ ಸ್ಕೇಲು, ಚಾಕ್, ಇಸ್ತ್ರಿ ಪೆಟ್ಟಿಗೆ, ಮೆಷಿನ್ನಿಗೆ 14 ನಂಬರ್ ಸೂಜಿ. ಕಾರ್ಟನ್ ರಟ್ಟಿನಲ್ಲಿ ಹನ್ನೆರಡೂವರೆ ಇಂಚಿನ ಒಂದು ಚೌಕ ಕತ್ತರಿಸಿಟ್ಟುಕೊಳ್ಳಿ. ನಾಲ್ಕೂ ಕಡೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗಿ 12 ಇಂಚು ಉಳಿಯುತ್ತದೆ. ಮೆಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಅಂಚಿನಿಂದ ಸೂಜಿಗೆ ಎಷ್ಟು ದೂರ ಇದೆ ಅಂತ ಒಮ್ಮೆ ಅಳೆದುಕೊಳ್ಳಿ. ಕಾಲು ಇಂಚು ಬರದಿದ್ದರೆ ಮೆಷಿನ್ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚಿಗೆ ಒಂದು ಟೇಪ್ ಅಂಟಿಸಿ, ಬಟ್ಟೆಯನ್ನು ಅದಕ್ಕೆ ತಾಗಿಸಿಕೊಂಡೇ ಓಡಿಸಿ.

ಈಗ ಕಣ್ಣು ಮುಚ್ಚಿ ಗುಡ್ಡೆಯಿಂದ ಅಂಗೈ ಅಗಲದ ಒಂದು ಚೂರು ತೆಗೆಯಿರಿ. ಅದಕ್ಕೆ ನಾಲ್ಕೋ ಐದೋ ನೇರ ಬದಿ ಬರುವ ಹಾಗೆ ಕತ್ತರಿಸಿ. ಬದಿಗಳು ಸಮ ಇರಬಾರದು. ಇದು ನಡುವಿನ ತುಂಡು.

ಒಂದು ಬದಿಗಿಂತ ಸ್ವಲ್ಪ ಉದ್ದವಾದ ಇನ್ನೊಂದು ಚೂರು ತೆಗೆದುಕೊಳ್ಳಿ. ಸೀದಾ ಭಾಗಕ್ಕೆ ಸೀದಾ ಭಾಗ ಸೇರಿಸಿ ಕಾಲು ಇಂಚಿಗೆ ಹೊಲಿಯಿರಿ. ಬಿಡಿಸಿ, ಮಾರ್ಜಿನ್ನನ್ನು ಒಂದೇ ಕಡೆಗೆ ಮಲಗಿಸಿ ಇಸ್ತ್ರಿ ಮಾಡಿ. ಸಾಧ್ಯವಾದಷ್ಟು ಗಾಢ ಬಣ್ಣದ ಕಡೆಗೆ ಮಲಗಿಸಿ, ಇಲ್ಲದಿದ್ದರೆ ತಿಳಿ ಬಟ್ಟೆಯ ಕೆಳಗೆ ನೆರಳು ಕಾಣುತ್ತದೆ. ಇಸ್ತ್ರಿ ಅಂದರೆ ಒತ್ತಿ ಎತ್ತುವುದು. ಪ್ಯಾಂಟಿಗೆ ಮಾಡುವ ಹಾಗೆ ಎಳೆದಾಡಿದರೆ ಕ್ರಾಸ್ ಅಂಚು ಹಿಗ್ಗಿಬಿಡುತ್ತದೆ.

ಆಮೇಲೆ ಸ್ಕೇಲು ಇಟ್ಟು, ಹೊರಗೆ ಚಾಚಿದ್ದನ್ನು ನೇರಕ್ಕೆ ಕತ್ತರಿಸಿ. ಸ್ವಲ್ಪ ಓರೆಯಾಗಿಯೇ ಕತ್ತರಿಸಿ. ಮುಂದಿನ ಬದಿಗೆ ಇನ್ನೊಂದು ಚೂರು. ಹೀಗೆ ಸುತ್ತುತ್ತಾ ಹೋಗಿ. ಎಲ್ಲೂ ಅವಸರ ಮಾಡಿ ಇಸ್ತ್ರಿ ಬಿಡಬೇಡಿ. ಇಸ್ತ್ರಿ ಮಾಡದ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದರೆ ಅಲ್ಲಿ ಒಂದು ಮಡಿಕೆ ಸಿಕ್ಕಿಕೊಂಡಿರುತ್ತದೆ, ಅದು ಗೊತ್ತಾಗುವುದು ಚೌಕ ಮುಗಿದ ಮೇಲೆ.

ಪ್ರತಿ ಸಲ ಯಾವ ಚೂರು? ಆ ಬದಿಯ ಉದ್ದಕ್ಕೆ ಯಾವುದು ಸಾಲುತ್ತದೋ ಅದು. ನಾನು ಬಣ್ಣ ಆರಿಸಲು ಕೂತ ದಿನ ಅರ್ಧ ಗಂಟೆಗೆ ಒಂದು ಹೊಲಿಗೆ ಹಾಕಿದ್ದಿದೆ. ಉದ್ದ ಸಾಲದಿದ್ದರೆ ಎರಡು ಚಿಕ್ಕ ಚೂರು ತುದಿಗೆ ತುದಿ ಜೋಡಿಸಿ ಪಟ್ಟಿ ಮಾಡಿಕೊಳ್ಳಿ. ಅಂಥ ಜೋಡು ಪಟ್ಟಿಗಳೇ ಕೌದಿಗೆ ಕಳೆ ಕೊಡುವುದು.

ಚೌಕ ರಟ್ಟಿಗಿಂತ ದೊಡ್ಡದಾದ ಕೂಡಲೇ ನಿಲ್ಲಿಸಿ. ರಟ್ಟನ್ನು ಅದರ ಮೇಲೆ ಸ್ವಲ್ಪ ತಿರುಗಿಸಿ ಇಟ್ಟು, ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ಚಾಕ್ ಎಳೆದು ಕತ್ತರಿಸಿ. ಒಂದು ಮೂಲೆ ಸಾಲದಿದ್ದರೆ ಗಾಬರಿ ಬೇಡ, ಅಲ್ಲಿಗೊಂದು ಪಟ್ಟಿ ಹಚ್ಚಿ. ಕತ್ತರಿಸಿ ಬಿದ್ದದ್ದು ಮತ್ತೆ ಗುಡ್ಡೆಗೆ. ಅದು ಈಗಾಗಲೇ ಜೋಡಿಸಿದ ಬಟ್ಟೆ, ಮುಂದಿನ ಚೌಕದ ನಡುವಿಗೆ ಅದರಂಥದ್ದು ಇನ್ನೊಂದಿಲ್ಲ.

ಒಂದು ಇಂಚಿನ ತೆಳು ಪಟ್ಟಿಗಳನ್ನು ಹೀಗೆ ಜೋಡಿಸಿದರೆ ಸೊಟ್ಟಗಾಗುತ್ತವೆ. ಅವಕ್ಕೆ ಹಳೆ ಲೈನಿಂಗಿನ 13 ಇಂಚಿನ ಚೌಕವನ್ನು ಅಡಿಗೆ ಇಟ್ಟು, ಅದರ ಮೇಲೆಯೇ ಒಂದೊಂದಾಗಿ ಹೊಲಿದು ಮಗುಚುತ್ತಾ ಹೋಗಿ. ಅಡಿ ಬಟ್ಟೆ ಇರುವುದರಿಂದ ಎಷ್ಟು ಚಿಕ್ಕ ಚೂರಾದರೂ ನಿಲ್ಲುತ್ತದೆ. ಕೆಲವರು ದಿನಪತ್ರಿಕೆ ಇಟ್ಟು ಹೊಲಿದು ಆಮೇಲೆ ಹರಿಯುತ್ತಾರೆ. ಇಸ್ತ್ರಿ ಬಿಸಿಗೆ ಅದರ ಮಸಿ ಬಟ್ಟೆಗೆ ಹತ್ತುತ್ತದೆ, ನನಗೆ ಇಷ್ಟವಿಲ್ಲ.

ಮುದ್ದೆ ಮತ್ತು ಸಾರು

ನಾಲ್ಕು ಚೌಕ ಆದ ಮೇಲೆ ನೆಲದ ಮೇಲೆ ಹರಡಿ ನೋಡಿ. ಕಣ್ಣಿಗೆ ಗಲಾಟೆ ಅನ್ನಿಸಿದರೆ ಕಾರಣ ಒಂದೇ, ಎಲ್ಲವೂ ಪ್ರಿಂಟು. ಪ್ರಿಂಟು ಸಾರಿದ್ದ ಹಾಗೆ, ಸಾದಾ ಬಟ್ಟೆ ಮುದ್ದೆ. ಬರೀ ಸಾರನ್ನೇ ಬಡಿಸಿದರೆ ಊಟ ಆಗುವುದಿಲ್ಲ. ಬ್ಲೌಸ್ ಹೊಲಿಯುವವರ ಮನೆಯಲ್ಲಿ ಲೈನಿಂಗ್ ಚೂರಿಗೆ ಬರ ಇಲ್ಲ, ಪ್ರತಿ ಚೌಕದಲ್ಲೂ ಒಂದೆರಡು ಸಾದಾ ಪಟ್ಟಿ ಬರಲಿ. ಒಂದೇ ಬಣ್ಣದ ಸಾದಾ ಬಟ್ಟೆ ಎಲ್ಲ ಚೌಕದಲ್ಲೂ ಒಮ್ಮೆಯಾದರೂ ಮುಖ ತೋರಿಸಿದರೆ ಇಡೀ ಕೌದಿ ಒಂದೇ ಮನೆಯದು ಅನ್ನಿಸುತ್ತದೆ. ನಾನು ಸಾಮಾನ್ಯವಾಗಿ ಸಾಸಿವೆ ಹಳದಿ ಬಳಸುತ್ತೇನೆ.

12 ಚೌಕವೂ ಆದ ಮೇಲೆ ಸ್ಟೂಲ್ ಹತ್ತಿ ಮೇಲಿನಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದು, ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಗಾಢವಾದವೆಲ್ಲ ಒಂದೇ ಮೂಲೆಗೆ ಸೇರಿದ್ದರೆ ತಕ್ಷಣ ಕಾಣುತ್ತದೆ. ಚೌಕ ತಿರುಗಿಸಿ, ಜಾಗ ಬದಲಿಸಿ. ಇದಕ್ಕೆ ಒಂದು ಸಂಜೆ ಕೊಡಿ, ಸಾಕು. ಜಾಸ್ತಿ ದಿನ ನೆಲದ ಮೇಲೆ ಬಿಟ್ಟರೆ ಮನೆಯವರೆಲ್ಲ ಸಲಹೆ ಕೊಡಲು ಶುರು ಮಾಡುತ್ತಾರೆ.

ಚೌಕ ಜೋಡಿಸುವುದು

ಮೂರು ಮೂರು ಚೌಕ ಸೇರಿಸಿ ನಾಲ್ಕು ಸಾಲು ಮಾಡಿ, ಆಮೇಲೆ ಸಾಲಿಗೆ ಸಾಲು. ಮೊದಲ ಸಾಲಿನ ಮಾರ್ಜಿನ್ ಎಡಕ್ಕೆ ಮಲಗಿಸಿದರೆ ಎರಡನೆಯದನ್ನು ಬಲಕ್ಕೆ ಮಲಗಿಸಿ, ಮೂಲೆಯಲ್ಲಿ ಗಂಟು ಬರುವುದಿಲ್ಲ. ಒಂದು ಅಂಚು ಇನ್ನೊಂದಕ್ಕಿಂತ ಕೂದಲೆಳೆ ಉದ್ದವಿದ್ದರೆ ಉದ್ದದ್ದನ್ನು ಕೆಳಗೆ ಇಟ್ಟು ಹೊಲಿಯಿರಿ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತದೆ, ವ್ಯತ್ಯಾಸ ತಾನಾಗಿ ಸರಿಹೋಗುತ್ತದೆ.

ಪದರ ಹಾಸುವುದು

ನೆಲ ಒರೆಸಿ ಒಣಗಿದ ಮೇಲೆ ಅಡಿ ಬಟ್ಟೆಯನ್ನು ಉಲ್ಟಾ ಭಾಗ ಮೇಲೆ ಬರುವಂತೆ ಹಾಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಬಿಗಿಯಾಗಿ ಎಳೆಯಬೇಡಿ, ಸುಕ್ಕು ಹೋದರೆ ಸಾಕು. ಅದರ ಮೇಲೆ ಒಳಗಿನ ಎರಡು ಪದರ, ಮೇಲೆ ಜೋಡಿಸಿದ ಬಟ್ಟೆ ಸೀದಾ ಮುಖವಾಗಿ. ಕೆಳಗಿನ ಪದರಗಳು ಸುತ್ತ ಎರಡು ಇಂಚು ಹೊರಗೆ ಇರಬೇಕು. ಹತ್ತಿ ಬೇಕಿಲ್ಲ. ಸವೆದು ಮೆತ್ತಗಾದ ಸೀರೆಯ ಎರಡು ಪದರ ನಮ್ಮ ಧನುರ್ಮಾಸದ ಚಳಿಗೆ ಸಾಕು, ಒಗೆಯಲೂ ಹಗುರ.

ಮಧ್ಯದಿಂದ ಹೊರಕ್ಕೆ, ನಾಲ್ಕು ಬೆರಳು ಅಂತರಕ್ಕೆ ಒಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಎದ್ದು ಕಾಣುವ ಬಣ್ಣದ ದಾರ ಬಳಸಿ, ಆಮೇಲೆ ಬಿಚ್ಚುವುದು ಸುಲಭ. ಬೆನ್ನು ನೋಯುತ್ತದೆ, ಅದಕ್ಕೆ ಉಪಾಯವಿಲ್ಲ. ಊಟದ ಮೇಜು ದೊಡ್ಡದಿದ್ದರೆ ಅದರ ಮೇಲೆ ಮಾಡಿ.

ಕೈಯಲ್ಲೋ, ಮೆಷಿನ್ನಿನಲ್ಲೋ?

ಮೆಷಿನ್ನಿನಲ್ಲಾದರೆ ಸೂಜಿ 16 ನಂಬರಿಗೆ ಬದಲಿಸಿ, ಹೊಲಿಗೆ ಉದ್ದ ಮಾಡಿ, ನಡುವಿನ ಸಾಲಿನಿಂದ ಶುರು ಮಾಡಿ ಎರಡು ಇಂಚಿಗೊಂದು ನೇರ ಗೆರೆ ಹಾಕಿ. ಉಳಿದ ಕೌದಿಯನ್ನು ಚಾಪೆಯಂತೆ ಸುರುಳಿ ಸುತ್ತಿ ಮೆಷಿನ್ ತೋಳಿನ ಕೆಳಗೆ ತೂರಿಸಬೇಕು. ಚಿಕ್ಕ ಕೌದಿಗೆ ಇದು ಸರಿ. ದೊಡ್ಡದಕ್ಕೆ ಮನೆಯ ಮೆಷಿನ್ನಿನಲ್ಲಿ ಜಾಗ ಸಾಲದೆ ಒದ್ದಾಡುತ್ತೀರಿ.

ಕೈ ಹೊಲಿಗೆಯೇ ನನಗೆ ಹಿಡಿಸುವುದು. ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ, ಅಕ್ಕಿಕಾಳಿನಷ್ಟು ಉದ್ದ, ಗೆರೆಯಿಂದ ಗೆರೆಗೆ ಒಂದು ಬೆರಳು ಅಂತರ. ದಪ್ಪ ಕಾಟನ್ ದಾರ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಸಾಕು. ಉದ್ದ ದಾರ ಗಂಟು ಬೀಳುತ್ತದೆ. ಗಂಟನ್ನು ಮೇಲೆ ಬಿಡದೆ ಮೆಲ್ಲಗೆ ಎಳೆದು ಪದರದ ಒಳಗೆ ನುಗ್ಗಿಸಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ರೂಬಿಯಾದಲ್ಲಿ ದಬ್ಬಣ ಹೋದರೆ ತೂತು ಹಾಗೇ ಉಳಿಯುತ್ತದೆ. ಬೆರಳಿಗೆ ಲೋಹದ ಕ್ಯಾಪ್ ಹಾಕಿಕೊಳ್ಳಿ. ಬೇಡ ಅನ್ನಿಸಿದರೂ ಎರಡನೇ ದಿನ ನೀವೇ ಹುಡುಕುತ್ತೀರಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನು ಬೇರೆ ರೀತಿ ಮಾಡುತ್ತಾರೆ. ಅವರದ್ದು ಕವದಿ. ಚೌಕ ಮೊದಲು ಜೋಡಿಸುವುದೇ ಇಲ್ಲ. ಅಡಿ ಸೀರೆಯ ಒಂದು ಮೂಲೆಯಿಂದ ಶುರು ಮಾಡಿ, ಚೂರಿನ ಅಂಚು ಮಡಚಿ ಇಟ್ಟು, ಪದರ ಸಮೇತ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಚಿಕ್ಕ ತುಂಡುಗಳ ಹೂವು ಇಡುತ್ತಾರೆ. ಮೆಷಿನ್ ಇಲ್ಲದವರಿಗೆ, ಕರೆಂಟು ನಂಬದವರಿಗೆ ಆ ದಾರಿಯೇ ಮೇಲು. ಜೋಡಣೆ, ಹೊಲಿಗೆ, ಪದರ ಕೂಡಿಸುವುದು ಮೂರೂ ಒಂದೇ ಸಲ ಮುಗಿಯುತ್ತದೆ.

ಗೋಟು

ಕಚ್ಚಾ ಹೊಲಿಗೆ ಬಿಚ್ಚಿ, ಹೊರಗೆ ಉಳಿದ ಪದರಗಳನ್ನು ಮೇಲಿನ ಬಟ್ಟೆಯ ಸಮಕ್ಕೆ ಕತ್ತರಿಸಿ. ಎರಡೂವರೆ ಇಂಚಿನ ಪಟ್ಟಿಗಳನ್ನು ಜೋಡಿಸಿ ಒಟ್ಟು 180 ಇಂಚು ಮಾಡಿಕೊಳ್ಳಿ. ಬ್ಲೌಸ್ ಕತ್ತಿಗಾದರೆ ಕ್ರಾಸ್ ಪೀಸ್ ಬೇಕು, ಇಲ್ಲಿ ಅಂಚು ನೇರ, ಹಾಗಾಗಿ ಪಟ್ಟಿಯೂ ನೇರ ನೂಲಿನದ್ದೇ ಇರಲಿ. ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಬಿಚ್ಚಿದ ಅಂಚನ್ನು ಕೌದಿಯ ಅಂಚಿಗೆ ಸೇರಿಸಿ ಮೇಲಿನಿಂದ ಹೊಲಿದು, ಹಿಂದಕ್ಕೆ ಮಗುಚಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಮೊದಲು ಎರಡು ಉದ್ದ ಬದಿ ಮುಗಿಸಿ. ಆಮೇಲೆ ಅಡ್ಡ ಬದಿಗೆ ಎರಡೂ ತುದಿಯಲ್ಲಿ ಅರ್ಧ ಇಂಚು ಒಳಗೆ ಮಡಚಿಕೊಂಡು ಹಚ್ಚಿ. ಮೂಲೆ ಓರೆಗೆ ಮಡಚುವ ನಾಜೂಕು ಮುಂದಿನ ಕೌದಿಗಿರಲಿ.

ಮೊದಲ ಒಗೆತ ತಣ್ಣೀರಲ್ಲಿ, ಬೇರೆ ಬಟ್ಟೆಯ ಜೊತೆ ಸೇರಿಸದೆ. ಹಿಂಡಬೇಡಿ, ನೀರು ಇಳಿಯಲು ಬಿಟ್ಟು ಎರಡು ಹಗ್ಗದ ಮೇಲೆ ಅಗಲವಾಗಿ ಹಾಕಿ, ಉಲ್ಟಾ ಭಾಗ ಬಿಸಿಲಿಗೆ ಇರಲಿ. ಒಣಗಿದ ಮೇಲೆ ಎಲ್ಲೋ ಒಂದೆರಡು ಕಡೆ ಹೊಲಿಗೆ ಬಾಯಿ ಬಿಟ್ಟಿರುತ್ತದೆ, ಮಾರ್ಜಿನ್ ಕಡಿಮೆಯಾದ ಜಾಗ ಅದು. ಹರಿದ ತುಂಡನ್ನು ಬಿಚ್ಚಲು ಹೋಗಬೇಡಿ. ಅದಕ್ಕಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾದ ಇನ್ನೊಂದು ಚೂರಿನ ಅಂಚು ಒಳಕ್ಕೆ ಮಡಚಿ, ಮೇಲೆಯೇ ಇಟ್ಟು ಹೊಲಿದುಬಿಡಿ. ಅದಕ್ಕೆ ಬೇಕಾದ ಚೂರು ಚೀಲದಲ್ಲಿ ಇದ್ದೇ ಇರುತ್ತದೆ.